ಎತ್ತದ ಫೋನಿನ ಬೆನ್ನುಬಿದ್ದ ಫೋನಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಫೋನಕ್ಕ ಕೂತಿದ್ದಾರೆ. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇದೆ, ಎತ್ತುವವರಿಲ್ಲ. ಇವತ್ತಿಗೆ ನಾಲ್ಕು ದಿನ.

ಆ ನಂಬರು ಒಬ್ಬ ಬಡಗಿಯ ಮನೆಯದು. ಮೂರ್ಛೆರೋಗಕ್ಕೆಂದು ಅವರ ಮೆದುಳಿಗೆ ಶಸ್ತ್ರಚಿಕಿತ್ಸೆಯಾಗಿ ಈ ವಾರಕ್ಕೆ ಎರಡು ವರ್ಷ. ಡಾಕ್ಟರು ಹೊಲಿಗೆ ಹಾಕಿ ಮನೆಗೆ ಕಳಿಸಿದ ರೋಗಿಗಳು ಆಮೇಲೆ ಹೇಗಿದ್ದಾರೆ ಎಂದು ಕೇಳಿ ಬರೆದಿಡುವುದೇ ಫೋನಕ್ಕನ ಕೆಲಸ.

ಮೊದಲು ಅವರು ವಾರ್ಡಿನ ಆಯಾ. ನಿಂತೂ ನಿಂತೂ ಕಾಲಿನ ನರ ಉಬ್ಬಿದಾಗ ಕೂತು ಮಾಡುವ ಕೆಲಸ ಕೇಳಿದರು, ಯಾರಿಗೂ ಬೇಡವಾದ ಈ ಕುರ್ಚಿ ಸಿಕ್ಕಿತು. ಹದಿನಾಲ್ಕು ವರ್ಷವಾಯಿತು. "ಕುರ್ಚಿ ಎರಡು ಸಲ ಬದಲಾಯ್ತು, ನಾನು ಮಾತ್ರ ಇನ್ನೂ ತಾತ್ಕಾಲಿಕ," ಎಂದು ನಗುತ್ತಾರೆ.

ದಿನಕ್ಕೆ ಇಪ್ಪತ್ತು ಕರೆ. ರಿಜಿಸ್ಟರಿನಲ್ಲಿರುವ ನಾನೂರ ಹನ್ನೆರಡು ಮಂದಿಯಲ್ಲಿ ಇನ್ನೂರ ಎಪ್ಪತ್ತು ಚಿಲ್ಲರೆ ಜನರಿಗೆ ಕಳೆದ ವರ್ಷ ಒಂದು ಸಲವೂ ಫಿಟ್ಸ್ ಬಂದಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಕಡಿಮೆಯಾಗಿದೆ. ಏನೂ ಬದಲಾಗದ ಕೆಲವರು ಫೋನಿನಲ್ಲೇ ಬೈಯುತ್ತಾರೆ, ಅಳುತ್ತಾರೆ, ಫೋನಕ್ಕ ಕೇಳಿಸಿಕೊಳ್ಳುತ್ತಾರೆ.

ಬೆಳ್ಳಂಬೆಳಗ್ಗೆಯೇ ಕರೆ ಮಾಡುವುದಕ್ಕೂ ಕಾರಣವಿದೆ. ಶುರುವಿನಲ್ಲಿ ಅವರು ರೋಗಿಗಳನ್ನೇ ಕೇಳುತ್ತಿದ್ದರು. ಒಬ್ಬಾಕೆ "ಏನೂ ಇಲ್ಲ, ಚೆನ್ನಾಗಿದೀನಿ" ಎಂದಳು, ಇವರು ಫಿಟ್ಸ್ ಲೆಕ್ಕದಲ್ಲಿ ಸೊನ್ನೆ ಬರೆದರು. ತಿಂಗಳೊಳಗೆ ಆಕೆ ಕೈ ಸುಟ್ಟುಕೊಂಡು ಬಂದಳು. ಒಲೆಯ ಮುಂದೆ ಆಗಾಗ ಮೈಮೇಲೆ ಪ್ರಜ್ಞೆಯಿಲ್ಲದೆ ನಿಂತುಬಿಡುತ್ತಿದ್ದದ್ದು ಆಕೆಗೇ ಗೊತ್ತಿರಲಿಲ್ಲ!

"ಫಿಟ್ಸ್ ಬಂದೋರಿಗೆ ಎಷ್ಟೋ ಸಲ ಬಂದದ್ದೇ ಗೊತ್ತಾಗಲ್ಲ, ಕಾವಲು ಕೂತೋರಿಗೆ ಗೊತ್ತಿರುತ್ತೆ. ಆ ಸೊನ್ನೆ ಇವತ್ತಿಗೂ ನನ್ನ ಕಣ್ಣಿಗೆ ಚುಚ್ಚುತ್ತೆ." ಅಂದಿನಿಂದ ಎಲ್ಲರೂ ಮನೆಯಲ್ಲಿರುವ ಹೊತ್ತಿಗೇ ಕರೆ, ಕಾವಲಿಗಿರುವವರ ಜೊತೆಗೇ ಮಾತು.

ಬಡಗಿಗೆ ಹೆಂಡತಿಯೇ ಕಾವಲು. ಹನ್ನೊಂದು ವರ್ಷ ಗಂಡನನ್ನು ಬಿಟ್ಟು ಹೊಸಿಲು ದಾಟದವಳು, ಮೊದಲ ಗಂಟೆಗೇ ಫೋನ್ ಎತ್ತುತ್ತಿದ್ದವಳು. ಫೋನಕ್ಕ ನಾಲ್ಕು ದಿನದಿಂದ ಬಿಡದೆ ಕರೆ ಮಾಡುತ್ತಿರುವುದು ಅದಕ್ಕೇ. ಹಿಂದೆ ಹೀಗೆ ಎತ್ತದೇ ಹೋದ ಎರಡು ಮನೆಗಳಲ್ಲಿ ಸಾವಾಗಿತ್ತು.

ಹತ್ತೂವರೆಗೆ ಕೋಣೆಯ ಫೋನೇ ಬಡಿದುಕೊಳ್ಳುತ್ತದೆ. ಬಡಗಿಯ ಹೆಂಡತಿ!

"ದಿನಾ ಆರಕ್ಕೆ ನಮ್ಮನೇಲಿ ಫೋನ್ ಹೊಡ್ಕೋತಿದೆ ಅಂತ ಪಕ್ಕದ ಮನೆಯೋರು ಅಂದ್ರು. ಆ ಹೊತ್ತಿಗೆ ಮಾಡೋರು ನೀವಲ್ದೆ ಇನ್ಯಾರು ಅಕ್ಕಾ?"

"ಎಲ್ಲಿ ಹೋಗಿದ್ಯೇ ತಾಯಿ? ಅವರು ಹೇಗಿದ್ದಾರೆ?"

"ಐದಕ್ಕೇ ಕೆಲಸಕ್ಕೆ ಹೊರಡ್ತಾರೆ. ನಾನೂ ಅದೇ ಹೊತ್ತಿಗೆ ಬೇಕರಿ ಕೆಲಸಕ್ಕೆ ಹೋಗ್ತೀನಿ, ಸೇರ್ಕೊಂಡು ಹದಿನೈದು ದಿನ ಆಯ್ತು. ಎರಡು ವರ್ಷದಲ್ಲಿ ಒಂದೂ ಬಂದಿಲ್ಲ. ಇನ್ನು ಮನೇಲಿ ಕೂತು ಯಾರನ್ನ ಕಾಯ್ಲಿ?"

"ಒಂದೂ ಇಲ್ಲ ಅಂತ ಹೇಳಿದ್ದು ಅವರಾ, ನೋಡಿದ್ದು ನೀನಾ?"

"ರಾತ್ರಿ ನಾನು ನೋಡ್ತೀನಿ, ಕೆಲಸದಲ್ಲಿ ಜೊತೆಗಿರೋ ನನ್ನ ಅಣ್ಣ ನೋಡ್ತಾನೆ. ಸಾಕಾ?"

ಫೋನಕ್ಕನಿಗೆ ಹೋದ ಜೀವ ಬಂದಂತಾಗುತ್ತದೆ. ಮುಂದಿನ ಸಲ ಎಷ್ಟು ಹೊತ್ತಿಗೆ ಮಾಡಲಿ ಎಂದು ಕೇಳುತ್ತಾರೆ. ಇಬ್ಬರೂ ಮನೆ ಸೇರುವುದು ಸಂಜೆ ಏಳಕ್ಕಂತೆ. ಫೋನಕ್ಕನ ಪಾಳಿ ಮುಗಿಯುವುದು ಮಧ್ಯಾಹ್ನ ಎರಡಕ್ಕೆ. ಆದರೂ ರಿಜಿಸ್ಟರಿನಲ್ಲಿ ಏಳು ಎಂದೇ ಗುರುತು ಹಾಕಿಕೊಳ್ಳುತ್ತಾರೆ.

"ಹನ್ನೊಂದು ವರ್ಷ ಅವಳು ಕಾದಿದ್ದಾಳೆ. ಒಂದು ಸಂಜೆ ನಾನು ಕಾದ್ರೆ ಸವೆದುಹೋಗ್ತೀನಾ?"