ಕೊನೆಯ ಭಾಗ ಮೊದಲೇ ಕೇಳಿಸಿದ್ದು

ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ನನ್ನ ಈ ಎರಡು ಕಿವಿಗಳಿಂದಲೇ ಕೇಳಿದ್ದು, ಅಷ್ಟೇ.

ಕಡಬದ ಹತ್ತಿರ ರಬ್ಬರ್ ಮರ ಗೀರಿ ಹಾಲಿಳಿಸುವ ಟ್ಯಾಪಿಂಗ್ ನನ್ನ ಕೆಲಸ. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಗುಡ್ಡ ಹತ್ತಬೇಕು. ಮೊದಲು ಲೀಲಕ್ಕ ಜೊತೆಗಿದ್ದರು. ಮಂಡಿನೋವು ಅಂತ ಅವರು ಸುಳ್ಯದ ಮಗಳ ಮನೆಗೆ ಹೋದ ಮೇಲೆ ನಾನೊಬ್ಬಳೇ. ಮರ ಗೀರುವ ಸದ್ದು ಬಿಟ್ಟರೆ ಮನುಷ್ಯರ ಸದ್ದೇ ಇಲ್ಲ.

ಆಗ ಅಂಟಿಕೊಂಡದ್ದು ಆ ಆಡಿಯೋ ಕಥೆ. ಚಂದ್ರನ ಮೇಲೊಂದು ಊರು. ಅಲ್ಲಿ ಒಬ್ಬೊಬ್ಬರೇ ಗಾಳಿಯಿಲ್ಲದೆ ಕೋಣೆಯೊಳಗೆ ಸಾಯುತ್ತಾರೆ. ಕೊಂದವರು ಯಾರೆಂದು ಹುಡುಕುವುದು ಒಬ್ಬಳು ಇನ್‌ಸ್ಪೆಕ್ಟರ್. ಶನಿವಾರಕ್ಕೊಂದು ಭಾಗ. ಓದುವವರ ಗಂಡುದನಿ ಕಿವಿಯಲ್ಲಿದ್ದರೆ ಯಾರೋ ಪಕ್ಕದಲ್ಲಿ ನಡೆಯುತ್ತಿರುವ ಹಾಗೆ...

ಆ ದಿನ ಗುರುವಾರ. ಬಂದಷ್ಟು ಭಾಗ ಮತ್ತೊಮ್ಮೆ ಕೇಳಿ ಮುಗಿಸಿ ಇಯರ್‌ಫೋನ್ ತೆಗೆದೆ. ಕೊನೆಯ ಭಾಗಕ್ಕೆ ಇನ್ನೂ ಎರಡು ದಿನ ಕಾಯಬೇಕಿತ್ತು.

ಆದರೆ ದನಿ ನಿಲ್ಲಲಿಲ್ಲ.

ನೀರು ಹರಿಯುವ ತೋಡಿನ ಆಚೆಯ ತೋಟದಲ್ಲಿ ಒಂದು ಟಾರ್ಚ್ ಮರದಿಂದ ಮರಕ್ಕೆ ಹೋಗುತ್ತಿತ್ತು. ಅಲ್ಲಿಂದ ಅದೇ ದನಿ, ಅದೇ ಕಥೆ. ನನಗಾದ ಖುಷಿ ಹೇಳಲಾರೆ. ನನ್ನ ಹಾಗೆಯೇ ಕೇಳುವವರು ಇನ್ನೊಬ್ಬರಿದ್ದಾರಲ್ಲ!

ಕತ್ತಿ ಹಿಡಿದು ಹಾಗೇ ನಿಂತೆ. ಇನ್‌ಸ್ಪೆಕ್ಟರ್ ಆ ಊರಿನ ಅಡುಗೆಯವನನ್ನು ಪ್ರಶ್ನಿಸುತ್ತಿದ್ದಳು. ಅವನೆಂದ: "ಗಾಳಿ ನಿಲ್ಲಿಸಿದ್ದು ನಾನೇ. ಇಷ್ಟು ವರ್ಷದಲ್ಲಿ ಇವರು ಯಾರೂ... ನನ್ನ ಹೆಸರು ಕೇಳಲಿಲ್ಲ."

ಇದನ್ನು ನಾನು ಕೇಳಿರಲಿಲ್ಲ.

"ಓ... ಅಲ್ಲಿ ಯಾರು? ಕೊನೆ ಭಾಗ ಬಂತಾ?" ಎಂದು ಕೂಗಿದೆ.

ದನಿ ನಿಂತಿತು. ಟಾರ್ಚ್ ನನ್ನ ಕಡೆ ತಿರುಗಿತು. ಜೀರುಂಡೆಗಳೂ ಸುಮ್ಮನಾದವು. ರಬ್ಬರ್ ಹಾಲಿನ ಹುಳಿವಾಸನೆ ಒಮ್ಮೆಲೇ ಗಾಢವಾಯಿತು.

"ಬಾ... ಒಟ್ಟಿಗೆ ಕೇಳುವ."

ಹೆಂಗಸಿನ ಮೆಲುದನಿ. ಬೆಳಕು ತೋಡಿನ ಆಚೆ... ದನಿ ಮಾತ್ರ ನನ್ನ ಬೆನ್ನ ಹಿಂದಿನ ಮರದಿಂದ!

"ಕೆಲಸ ಉಂಟು," ಎಂದೆ ಹೇಗೋ. ತಿರುಗಿ ನೋಡಲಿಲ್ಲ. ಆಚೆಯ ಬೆಳಕು ಆರಿತು. ಬೆಳಗಾಗುವವರೆಗೆ ಅಲ್ಲೇ ಎದುರಿನ ಮರ ಹಿಡಿದು ಕುಳಿತೆ.

ರಬ್ಬರ್ ಹಾಲು ತಂದಾಗ ತೋಟದ ಧಣಿ ರಮೇಶಣ್ಣನಿಗೆ ಹೇಳಿದೆ.

"ಆಚೆ ಯಾರು ಟ್ಯಾಪಿಂಗ್ ಮಾಡುದು ಮಾರಾಯ್ತಿ? ರಬ್ಬರಿಗೆ ರೇಟಿಲ್ಲ ಅಂತ ಆ ತೋಟದವರು ಈ ವರ್ಷ ಮರಕ್ಕೆ ಕತ್ತಿಯೇ ಹಾಕ್ಲಿಲ್ಲ. ಎಂತ, ನಿದ್ದೆಗಣ್ಣಾ?" ಎಂದು ನಕ್ಕರು.

ಹಗಲಲ್ಲೇ ಅವರನ್ನು ಕರೆದುಕೊಂಡು ಆಚೆಯ ತೋಟಕ್ಕೆ ಹೋಗಿ ನೋಡಿದೆ. ಹಾಲು ಹಿಡಿಯುವ ಗೆರಟೆಗಳೆಲ್ಲ ಕವುಚಿದ್ದವು. ಮರಗಳ ನಡುವೆ ಜೇಡನ ಬಲೆಗಳು ಹರಿಯದೆ ಹಾಗೇ ಇದ್ದವು. ರಮೇಶಣ್ಣ ಮತ್ತೆ ನಗಲಿಲ್ಲ.

ಶನಿವಾರ ಕೊನೆಯ ಭಾಗ ಬಂತು. ಹಗಲಲ್ಲಿ ಅಡುಗೆಮನೆಯಲ್ಲಿ ಕುಳಿತು ಕೇಳಿದೆ. "ಇವರು ಯಾರೂ..." ಎಂದು ಅಡುಗೆಯವ ತಡೆದ. ಮುಂದಿನ ಮಾತು ನನ್ನ ಬಾಯಿಂದಲೇ ಬಂತು. ಆಮೇಲೆ ಫೋನಿನಿಂದಲೂ ಅದೇ ಬಂತು. ಒಂದಕ್ಷರ ಹೆಚ್ಚುಕಡಿಮೆ ಇಲ್ಲ.

ಈಗಲೂ ಅದೇ ಗುಡ್ಡಕ್ಕೆ ಒಬ್ಬಳೇ ಹೋಗುತ್ತೇನೆ. ಫೋನನ್ನು ಮನೆಯಲ್ಲೇ ಬಿಡುತ್ತೇನೆ. ಆ ದನಿ ಮತ್ತೆ ಕರೆದಿಲ್ಲ.

ಕರೆದರೆ ಹೋಗುವುದಿಲ್ಲ ಎಂದು ಗಟ್ಟಿಯಾಗಿ ಹೇಳಲು... ನನಗೆ ಧೈರ್ಯ ಸಾಲದು.