ಆರ್ಫಾ ಚೆಲ್ಲಿದ ನೀರು

ವೆಸ್ಟ್ ವರ್ಜೀನಿಯಾದ ನಮ್ಮ ಕಣಿವೆಯಲ್ಲಿ ಕಲ್ಲಿದ್ದಲು ಗಣಿಗೆ ಇಳಿಯುವವರ ಬುತ್ತಿ ಡಬ್ಬಿಗೆ ಎರಡು ಅಂತಸ್ತು. ಕೆಳಗೆ ನೀರು, ಮೇಲೆ ಮೆಕ್ಕೆಜೋಳದ ಬ್ರೆಡ್ಡು. ನೀರಿಲ್ಲದೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಗಣಿಯ ಬಾಯಲ್ಲಿ ಒಬ್ಬ ತನ್ನ ನೀರು ಚೆಲ್ಲಿದರೆ ಉಳಿದವರೂ ಚೆಲ್ಲಿ ಮನೆಗೆ ತಿರುಗುತ್ತಿದ್ದರು. ಭಾಷಣವಿಲ್ಲ, ಘೋಷಣೆಯಿಲ್ಲ, ಅದೇ ಮುಷ್ಕರ. ಆದರೆ ಮೊದಲು ಚೆಲ್ಲಿದವನ ಕೆಲಸ ಹೋಗುತ್ತಿತ್ತು. ಮನೆಯೂ ಕಂಪನಿಯದೇ ಆದ್ದರಿಂದ ಅದೂ ಹೋಗುತ್ತಿತ್ತು.

ಆರ್ಫಾ ಕಟ್ಲಿಪ್‌ಗೆ ಇದು ಗೊತ್ತಿತ್ತು. ಗಂಡ ಹೋಬರ್ಟ್ ಕಾರ್ಮಿಕ ಸಂಘಕ್ಕೆ ಸೇರಿದ ವರ್ಷ ಕಂಪನಿ ಅವರನ್ನು ಮನೆಯಿಂದ ಹೊರಹಾಕಿತ್ತು. ಡೇರೆಯಲ್ಲಿ ಕಳೆದ ಆ ಚಳಿಗಾಲದಲ್ಲಿ ಹಸುಗೂಸು ಸತ್ತಿತು. ಮತ್ತೆ ಕೆಲಸ ಸಿಕ್ಕಾಗ ಅವಳು ಗಂಡನ ಕೈಯನ್ನು ಬೈಬಲ್ ಮೇಲಿಟ್ಟು ಆಣೆ ಹಾಕಿಸಿಕೊಂಡಳು: ಇನ್ನು ಅವನು ಮೊದಲು ನೀರು ಚೆಲ್ಲಕೂಡದು.

ಆ ಮಾರ್ಚಿನಲ್ಲಿ ಗಣಿಗೆ ಗಾಳಿ ಊದುವ ಫ್ಯಾನು ಆಗಾಗ ನಿಲ್ಲತೊಡಗಿತು.

"ದೀಪದ ಉರಿ ನೀಲಿಗೆ ತಿರುಗ್ತಿದೆ ಕಣೇ. ಗ್ಯಾಸು ಕಟ್ಕೊಂಡಿದೆ. ಒಂದು ಕಿಡಿ ಬಿದ್ರೆ ಇಡೀ ಗುಡ್ಡಾನೇ ಸಿಡಿಯುತ್ತೆ," ಎಂದ ಹೋಬರ್ಟ್, ಊಟಕ್ಕೆ ಕೂತಾಗ.

"ಮೇಸ್ತ್ರಿಗೆ ಹೇಳಿದ್ಯಾ?"

"ಹೇಳ್ದೆ. ಹೆದ್ರಿಕೆ ಆದ್ರೆ ಮನೇಲಿ ಕೂತು ಸ್ವೆಟರ್ ಹೆಣಿ ಅಂದ."

"ಯಾರೂ ನೀರು ಚೆಲ್ಲಲ್ವಾ?"

"ಎಲ್ರೂ ಪಕ್ಕದೋನ ಕೈ ನೋಡ್ಕೊಂಡು ನಿಂತಿರ್ತಾರೆ. ನಾನಂತೂ ಆಣೆ ಇಟ್ಟೋನು."

ಬೆಳಿಗ್ಗೆ ಆರ್ಫಾ ಅವನ ಹಿಂದೆಯೇ ನಡೆದಳು. ಗಣಿಯ ಬಾಯಿಗೆ ಹೆಂಗಸು ಬಂದರೆ ಅಪಶಕುನ. ಗಂಡಸರು ಮುಖ ತಿರುಗಿಸಿದರು. ಅವಳು ಹೋಬರ್ಟನ ಕೈಯಿಂದ ಡಬ್ಬಿ ಕಿತ್ತುಕೊಂಡು ನೀರನ್ನೆಲ್ಲ ನೆಲಕ್ಕೆ ಸುರಿದಳು.

"ಹೆಂಗಸು ಚೆಲ್ಲಿದ್ದು ಲೆಕ್ಕಕ್ಕಿಲ್ಲ ಬಿಡ್ರೋ," ಎಂದನೊಬ್ಬ.

ಪಕ್ಕದ ಮನೆಯ ಮುದುಕ ಏಸಾ ಗಂಟಲು ಸರಿಮಾಡಿಕೊಂಡ. "ನೀರು ನೀರೇ ಕಣಯ್ಯಾ. ಯಾರು ಚೆಲ್ಲಿದ್ರೇನು?" ಎಂದು ತನ್ನದನ್ನೂ ಸುರಿದ. ಒಬ್ಬೊಬ್ಬರಾಗಿ ಎಲ್ಲರೂ ಸುರಿದರು.

ಮೇಸ್ತ್ರಿ ಹೋಬರ್ಟನನ್ನು ಮಾತ್ರ ನೋಡಿದ. "ಡಬ್ಬಿ ನಿಂದು ತಾನೆ?"

ಸಂಜೆಯೊಳಗೆ ಅವರ ಮಂಚ, ಒಲೆ, ಗಡಿಯಾರ ರಸ್ತೆಗೆ ಬಿದ್ದವು. ಮತ್ತೆ ಹೊಳೆಯಂಚಿನಲ್ಲಿ ಡೇರೆ. ಅಂದು ಗಣಿಯಲ್ಲಿ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಗಂಡಸರು ತಲೆತಗ್ಗಿಸಿ ಕೆಲಸಕ್ಕೆ ಮರಳಿದರು. ಆರ್ಫಾಳ ಮನೆಗೆ ಹೊಸ ಸಂಸಾರ ಬಂತು.

"ಏನ್ ಆರ್ಫಕ್ಕ, ಗುಡ್ಡ ಇನ್ನೂ ಅಲ್ಲೇ ಇದ್ಯಲ್ಲ!" ಎಂದು ಗಣಿಗೆ ಹೋಗುವವರು ಕೂಗುತ್ತಿದ್ದರು. ಹೋಬರ್ಟ್ ತಲೆ ಬಗ್ಗಿಸಿ ಡೇರೆಯ ಗೂಟ ಬಿಗಿಮಾಡುತ್ತಿದ್ದ. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಏಸಾ ಮಾತ್ರ ದಿನವೂ ಡೇರೆಯ ಮುಂದೆ ನಿಂತು ಒಂದು ಗುಟುಕು ಕಾಫಿ ಕುಡಿದು ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವನು ನಿಲ್ಲದೆ ಸಾಗಿದ.

"ಏಸಣ್ಣ, ಉರಿ ಯಾವ ಬಣ್ಣಕ್ಕಿದೆ?"

"ಕೇಳ್ಬೇಡ ತಾಯಿ."

"ಚೆಲ್ಬಿಡು. ಇಲ್ಲೇ ಚೆಲ್ಬಿಡು!"

ಅವನು ಡಬ್ಬಿಯನ್ನು ಎದೆಗೆ ಅವಚಿಕೊಂಡ. "ನಿನ್ ಡೇರೇಲಿ ಇನ್ನೊಬ್ರಿಗೆ ಜಾಗ ಇದ್ಯಾ?" ಎಂದು ನಗಲು ನೋಡಿದ. ಉತ್ತರಕ್ಕೆ ಕಾಯಲಿಲ್ಲ.

ಮಧ್ಯಾಹ್ನ ಆರ್ಫಾ ಬಟ್ಟೆ ಒಗೆಯುತ್ತಿದ್ದಳು. ಗಾಳಿ ಇರಲಿಲ್ಲ. ತೊಟ್ಟಿಯ ನೀರು ತನ್ನಷ್ಟಕ್ಕೆ ನಡುಗಿ ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಹರಡಿತು. ಶೂಗೆ ಮೊಳೆ ಹೊಡೆಯುತ್ತಿದ್ದ ಹೋಬರ್ಟ್ ತಲೆಯೆತ್ತಿದ. ರಸ್ತೆಯಾಚೆ, ಅವಳದೇ ಹಳೆಯ ಅಂಗಳದಲ್ಲಿ, ಹೊಸ ಹೆಂಗಸು ಹಗ್ಗಕ್ಕೆ ಗಂಡನ ಅಂಗಿ ಹಾಕುತ್ತಿದ್ದವಳು ಕೈ ನಿಲ್ಲಿಸಿ ಗುಡ್ಡದತ್ತ ನೋಡಿದಳು.

ಗಣಿಯ ಅಪಾಯದ ಸಿಳ್ಳೆ ಕೂಗಿದ್ದು ಅದಾದ ಮೇಲೆ.