ಶಾರ್ಡನೇ ಸೋಸಿದ ಪಂಚೆ

ವೈನ್ ಮಾಡುವುದು ನಮ್ಮ ಮನೆಗೆ ಹೊಸದಲ್ಲ. ಒಂದು ವರ್ಷ ನಾನು ಕೆಲಸಕ್ಕಿದ್ದ ಕಾಫಿ ತೋಟದ ಸಾಹುಕಾರರು ಒಂದೇ ಒಂದು ಬುಟ್ಟಿ ಶಾರ್ಡನೇ ದ್ರಾಕ್ಷಿ ತಂದುಕೊಟ್ಟು, 'ಬಿಳಿ ವೈನ್ ಮಾಡು, ನಿನ್ನ ಕೈಗುಣ ನೋಡೋಣ. ಸಿಪ್ಪೆ ಮೊದಲೇ ತೆಗೀಬೇಕಂತೆ' ಎಂದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಕಾಫಿ ಹಣ್ಣಿನ ಸಿಪ್ಪೆ ತೆಗೆಯುತ್ತಲೇ ಬೆಳೆದವನು ನಾನು. ಆ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರವನ್ನೇ ತೊಳೆದು, ದ್ರಾಕ್ಷಿ ಸುರಿದು ತಿರುಗಿಸಿದೆ. ಅರ್ಧ ರಸ ನನ್ನ ಮುಖಕ್ಕೇ ಹಾರಿತು.

'ಅದು ಕಾಫಿಯಲ್ಲ ಮಾರಾಯ್ರೆ!' ಎಂದು ಹೆಂಡತಿ ನಕ್ಕು, ಉಳಿದ ಹಣ್ಣನ್ನು ಕೈಯಲ್ಲೇ ಕಿವುಚಿ, ನನ್ನ ಹೊಸ ಪಂಚೆಯಲ್ಲಿ ಹಿಂಡಿದಳು.

ಕೆಲವು ತಿಂಗಳಾದ ಮೇಲೆ ಸಾಹುಕಾರರು ಒಂದು ಲೋಟ ಕುಡಿದು ಇನ್ನೊಂದಕ್ಕೆ ಕೈ ಚಾಚಿದರು. 'ಇಷ್ಟು ತಿಳಿಯಾಗಿ ಹೇಗೆ ಸೋಸಿದೆ?'

'ನಾನಲ್ಲ, ಇವಳು. ನನ್ನ ಪಂಚೆಯಲ್ಲಿ.'

ಅವರ ಕಣ್ಣು ನಾನು ಉಟ್ಟಿದ್ದ ಪಂಚೆಯ ಮೇಲೆ ಬಿತ್ತು.

'ಇದಲ್ಲ ಸ್ವಾಮಿ, ಹೊಸದು!' ಎಂದೆ.